ಹಳೆಯ ಕಾರುಗಳ ಧ್ವನಿವ್ಯವಸ್ಥೆ

ಕಾರಿನಲ್ಲಿ ಕೂತು ಹಾಡು, ವಾರ್ತೆ ಕೇಳಲು ರೇಡಿಯೊ, ಟೇಪ್ ಡೆಕ್, ಆಂಪ್ಲಿಫೈಯರ್, ಸ್ಪೀಕರ್‌ಗಳನ್ನು ಜೋಡಿಸುವ ಕಸುಬಿಗೆ ಈಗ ಸುಮಾರು ನೂರು ವರ್ಷ. ಅದರದೇ ಒಂದು ಕವಲು, ತಯಾರಿಕೆ ನಿಂತು ದಶಕಗಳಾದರೂ ಮಾಲೀಕರು ಜತನದಿಂದ ಓಡಿಸುತ್ತಿರುವ ಕ್ಲಾಸಿಕ್ ಕಾರುಗಳಿಗೆ ಅಳತೆಗೆ ತಕ್ಕಂತೆ ಧ್ವನಿವ್ಯವಸ್ಥೆ ಕಟ್ಟುವುದು. ಅಂಗಡಿಯಿಂದ ತಂದ ಸೆಟ್ಟನ್ನು ಹಾಗೇ ಕೂರಿಸೋಣವೆಂದರೆ ಈ ಕಾರುಗಳಲ್ಲಿ ಜಾಗವಿರುವುದಿಲ್ಲ, ಕರೆಂಟು ಸಾಲುವುದಿಲ್ಲ, ತಗಡು ಸುಮ್ಮನಿರುವುದಿಲ್ಲ. ಮೊದಲ ಕಾರ್ ರೇಡಿಯೊ ಬಂದಾಗಲೂ ತೊಡಕುಗಳು ಇವೇ ಆಗಿದ್ದವು.

ವಾಲ್ವ್ ರೇಡಿಯೊಗಳ ಕಾಲ

1920ರ ದಶಕದಲ್ಲಿ ಅಮೆರಿಕದ ಹವ್ಯಾಸಿಗಳು ಮನೆಯ ರೇಡಿಯೊಗಳನ್ನೇ ಕಾರಿಗೆ ಹೊತ್ತು ತಂದು ಕೇಳುತ್ತಿದ್ದರು. ಗಾಡಿ ನಿಂತಿದ್ದಾಗ ನಿಲಯ ಸಿಗುತ್ತಿತ್ತು. ಎಂಜಿನ್ ಶುರುವಾದೊಡನೆ ಸ್ಪಾರ್ಕ್ ಪ್ಲಗ್‌ಗಳ ಚಟಪಟ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಪ್ಲಗ್ಗಿನ ಪ್ರತಿ ಕಿಡಿಯೂ ಒಂದು ಪುಟ್ಟ ಪ್ರಸಾರವೇ, ಅದನ್ನು ರೇಡಿಯೊ ನಿಷ್ಠೆಯಿಂದ ಹಿಡಿದುಕೊಳ್ಳುತ್ತಿತ್ತು. ಪ್ಲಗ್ಗಿನ ವೈರುಗಳಿಗೆ ರೆಸಿಸ್ಟರ್, ಡೈನಮೋಗೆ ಕೆಪಾಸಿಟರ್ ಹಾಕಿ ಈ ಗದ್ದಲವನ್ನು ಹತ್ತಿಕ್ಕುವುದನ್ನು ಕಲಿತ ಮೇಲೆಯೇ ಕಾರ್ ರೇಡಿಯೊ ಮಾರುವ ಸರಕಾಯಿತು.

ಷಿಕಾಗೊದ ಗ್ಯಾಲ್ವಿನ್ ಮ್ಯಾನುಫ್ಯಾಕ್ಚರಿಂಗ್ ಕಾರ್ಪೊರೇಷನ್ನಿನ ಪಾಲ್ ಗ್ಯಾಲ್ವಿನ್, ವಿಲಿಯಂ ಲಿಯರ್ ಮತ್ತು ಎಲ್ಮರ್ ವೇವರಿಂಗ್ ಎಂಬ ಇಬ್ಬರ ನೆರವಿನಿಂದ ಇಂಥದೊಂದು ಸೆಟ್ಟನ್ನು ಸಿದ್ಧಪಡಿಸಿದ. 1930ರ ಜೂನ್‌ನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ರೇಡಿಯೊ ತಯಾರಕರ ಸಮಾವೇಶ ನಡೆದಾಗ ಅವನಿಗೆ ಒಳಗೆ ಮಳಿಗೆ ಇರಲಿಲ್ಲ. ತನ್ನ ಸ್ಟುಡ್‌ಬೇಕರ್ ಕಾರನ್ನು ಹೊರಗೆ ನಿಲ್ಲಿಸಿ, ರೇಡಿಯೊ ಹಾಕಿ, ಹೋಗಿಬರುವವರಿಗೆ ಕೇಳಿಸಿದ. ಆ ಸೆಟ್ಟಿನ ಹೆಸರು ಮೋಟೊರೋಲಾ, ಮಾದರಿ 5ಟಿ71. ಬೆಲೆ 110ರಿಂದ 130 ಡಾಲರ್. ಆಗ ಫೋರ್ಡ್ ಮಾಡೆಲ್ ಎ ಕಾರೇ ಐದುನೂರು ಡಾಲರಿನ ಆಸುಪಾಸಿಗೆ ಸಿಗುತ್ತಿತ್ತೆಂದರೆ ರೇಡಿಯೊ ಎಷ್ಟು ದುಬಾರಿಯ ಬಯಕೆಯಾಗಿತ್ತೆಂದು ತಿಳಿಯುತ್ತದೆ. ಮುಂದೆ ಕಂಪನಿಯೇ ಮೋಟೊರೋಲಾ ಎಂದು ಹೆಸರು ಬದಲಿಸಿಕೊಂಡಿತು.

ಅದನ್ನು ಕೂರಿಸುವುದು ಬಡಗಿ, ಟಿಂಕರ್, ಎಲೆಕ್ಟ್ರಿಷಿಯನ್ ಮೂವರೂ ಸೇರಿ ಮಾಡುವಂಥ ಕೆಲಸ. ಆ ಕಾಲದ ಕಾರುಗಳ ಚಾವಣಿಯ ನಡುಭಾಗ ತಗಡಿನದಲ್ಲ, ಬಟ್ಟೆಯದು. ಒಳಗಿನ ಬಟ್ಟೆಯನ್ನು ಬಿಚ್ಚಿ ತಂತಿಬಲೆ ಹರಡಿ ಅದನ್ನೇ ಏರಿಯಲ್ ಮಾಡುತ್ತಿದ್ದರು. ವಾಲ್ವ್‌ಗಳಿಗೆ ಬೇಕಾದ ಹೆಚ್ಚಿನ ವೋಲ್ಟೇಜು ಕಾರಿನ 6 ವೋಲ್ಟ್ ಬ್ಯಾಟರಿಯಿಂದ ಸಿಗುವಂತಿರಲಿಲ್ಲ. ಕಾರಿನ ನೆಲವನ್ನು ಕೊರೆದು, ಕೆಳಗೆ ಡಬ್ಬ ಕಟ್ಟಿ, ಬೇರೆಯೇ ಒಣ ಬ್ಯಾಟರಿಗಳನ್ನು ಇಡಬೇಕಿತ್ತು. 1935ರ ಮಾದರಿಗಳಿಂದ ಜನರಲ್ ಮೋಟಾರ್ಸ್ ಇಡೀ ಚಾವಣಿಯನ್ನು ಉಕ್ಕಿನದಾಗಿಸಿದಾಗ ತಂತಿಬಲೆಯ ಉಪಾಯ ಕೆಲಸಕ್ಕೆ ಬಾರದಾಯಿತು, ಏರಿಯಲ್ಲುಗಳು ಕಾರಿನ ಪಕ್ಕದ ಮೆಟ್ಟಿಲಹಲಗೆಯ ಅಡಿಗೆ ಇಳಿದವು.

ಒಣ ಬ್ಯಾಟರಿಗಳ ಕಾಟ ತಪ್ಪಿಸಿದ್ದು ವೈಬ್ರೇಟರ್ ಎಂಬ ಹೆಬ್ಬೆರಳಿಗಿಂತ ತುಸು ದೊಡ್ಡ ಡಬ್ಬಿ. ಅದರೊಳಗೆ ಒಂದು ಲೋಹದ ನಾಲಗೆ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಅದುರಿ, ಬ್ಯಾಟರಿಯ ಕರೆಂಟನ್ನು ಕಡಿದು ಕಡಿದು ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ. ಆ ಕಡೆಯಿಂದ ಇನ್ನೂರು ವೋಲ್ಟಿನ ಆಸುಪಾಸು ಹೊರಬರುತ್ತದೆ. ಹಳೆಯ ಕಾರಿನ ವಾಲ್ವ್ ರೇಡಿಯೊವನ್ನು ಇಂದಿಗೂ ಯಾರಾದರೂ ಸರಿಪಡಿಸಿಟ್ಟಿದ್ದರೆ ಕೇಳಿ ನೋಡಬೇಕು. ಗುಂಡಿ ತಿರುಗಿಸಿದರೆ ಮೊದಲು ಡಯಲಿನ ಹಳದಿ ದೀಪ, ಆಮೇಲೆ ಡ್ಯಾಶ್‌ಬೋರ್ಡಿನ ಹಿಂದಿನಿಂದ ಜೇನುಗೂಡಿನಂಥ ಸಣ್ಣ ಗುಂಯ್‌ಗುಡುವಿಕೆ, ವಾಲ್ವ್‌ಗಳು ಕಾಯಲು ಅರ್ಧ ನಿಮಿಷದಷ್ಟು ತಡ, ಆನಂತರ ಎಲ್ಲಿಂದಲೋ ಮೇಲೆದ್ದು ಬರುವ ದನಿ.

ಯೂರೋಪಿನಲ್ಲಿ ಮೊದಲಿಗೆ ಬಂದದ್ದು ಜರ್ಮನಿಯ ಬ್ಲೌಪುಂಕ್ಟ್ ಹೆಸರಿನ ಆಟೊಸೂಪರ್ 5, 1932ರಲ್ಲಿ. ತೂಕ ಸುಮಾರು 15 ಕಿಲೊ. ಡ್ಯಾಶ್‌ಬೋರ್ಡಿನಲ್ಲಿ ಅದಕ್ಕೆ ಜಾಗವೆಲ್ಲಿ? ಪೆಟ್ಟಿಗೆಯನ್ನು ಬೇರೆಲ್ಲೋ ಇಟ್ಟು, ನಿಲಯ ಹುಡುಕುವ ಗುಂಡಿಯನ್ನು ಮಾತ್ರ ಸ್ಟೀರಿಂಗ್ ಕಂಬಕ್ಕೆ ಕಟ್ಟಿದರು. ಎಫ್‌ಎಂ ಹಿಡಿಯುವ ಮೊದಲ ಕಾರ್ ರೇಡಿಯೊ ಕೂಡ 1952ರಲ್ಲಿ ಇದೇ ಕಂಪನಿಯಿಂದ ಬಂತು. ಮರುವರ್ಷ ಬೆಕರ್ ಕಂಪನಿಯ ಮೆಕ್ಸಿಕೊ ಎಂಬ ಸೆಟ್ಟು ನಿಲಯಗಳನ್ನು ತಾನೇ ಹುಡುಕಿ ನಿಲ್ಲುವಂತಾಯಿತು; ಹಳೆಯ ಮರ್ಸಿಡಿಸ್ ಕಾರುಗಳ ಒಡೆಯರು ಈಗಲೂ ಅರಸಿಕೊಂಡು ಹೋಗುವುದು ಅದನ್ನೇ.

ಟ್ರಾನ್ಸಿಸ್ಟರ್, ತಟ್ಟೆ, ಟೇಪು

1955ರಲ್ಲಿ ಕ್ರೈಸ್ಲರ್ ಮತ್ತು ಫಿಲ್ಕೊ ಕಂಪನಿಗಳು ವಾಲ್ವೇ ಇಲ್ಲದ, ಪೂರ್ತಿ ಟ್ರಾನ್ಸಿಸ್ಟರಿನ ಕಾರ್ ರೇಡಿಯೊ ತಂದವು. ವೈಬ್ರೇಟರ್ ಬೇಡವಾಯಿತು, ಕಾಯುವ ಹೊತ್ತು ಇಲ್ಲವಾಯಿತು. 1956ರ ಮಾದರಿಗಳಲ್ಲಿ ಕ್ರೈಸ್ಲರ್ ಇನ್ನೊಂದು ಸಾಹಸವನ್ನೂ ಮಾಡಿತು: ನಿಮಿಷಕ್ಕೆ 16⅔ ಸುತ್ತು ತಿರುಗುವ ಏಳಂಗುಲದ ಗ್ರಾಮಫೋನ್ ತಟ್ಟೆ ನುಡಿಸುವ ಯಂತ್ರವನ್ನು ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಕೂರಿಸಿತು. ಹೈವೇ ಹೈ-ಫೈ ಎಂಬ ಈ ಯಂತ್ರ ಸಿಬಿಎಸ್‌ನ ಪೀಟರ್ ಗೋಲ್ಡ್‌ಮಾರ್ಕ್ ರೂಪಿಸಿದ್ದು. ಇದಕ್ಕೆಂದೇ ಒತ್ತಿದ ತಟ್ಟೆಗಳು ಬೇಕು, ಅವು ಸಿಗುತ್ತಿದ್ದುದು ಕೆಲವೇ. ಕೆಲವು ವರ್ಷಗಳಲ್ಲೇ ಅದು ಮರೆಯಾಯಿತು. ಆದರೂ ಬೇಕಾದ ಹಾಡನ್ನು ಬೇಕೆಂದಾಗ ಕೇಳುವ ಆಸೆಯನ್ನು ಅದು ಕಾರಿನೊಳಗೆ ತಂದಿಟ್ಟಿತು.

ಆ ಆಸೆ ನೆರವೇರಿದ್ದು ಟೇಪಿನಿಂದ. ಮೋಟೊರೋಲಾದ ಹುಟ್ಟಿನಲ್ಲಿ ಪಾಲಿದ್ದ ಅದೇ ವಿಲಿಯಂ ಲಿಯರ್ ಎಂಟು ಟ್ರ್ಯಾಕಿನ ಕಾರ್ಟ್ರಿಜ್ ರೂಪಿಸಿದ, ಫೋರ್ಡ್ ಕಂಪನಿ ಅದನ್ನು 1966ರ ಮಾದರಿಗಳಿಗೆ ಕೊಟ್ಟಿತು. ಫಿಲಿಪ್ಸ್ 1963ರಲ್ಲಿ ಹೊರತಂದ ಪುಟ್ಟ ಕ್ಯಾಸೆಟ್ಟು ಮುಂದೆ ಅದನ್ನೂ ಹಿಂದಿಕ್ಕಿತು. ಪಯೊನಿಯರ್ ಮತ್ತು ಸೋನಿ ಕಾರಿನ ಸಿ.ಡಿ. ಪ್ಲೇಯರ್ ಮಾರಿದ್ದು 1984ರಲ್ಲಿ.

ಈ ಅವಧಿಯಲ್ಲಿ ಆದ ಒಂದು ಹಾನಿಯನ್ನು ಹೇಳಲೇಬೇಕು. ರೇಡಿಯೊ ಕೂರುವ ಕಿಂಡಿಗೆ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರವೆಂಬ ಜರ್ಮನ್ ಅಳತೆ, ಡಿಐಎನ್, ಎಲ್ಲೆಡೆ ಬಳಕೆಗೆ ಬಂತು. ಅದಕ್ಕೂ ಮುಂಚಿನ ಕಾರುಗಳಲ್ಲಿ ಇದ್ದುದು ಎರಡು ಗುಂಡಿಗೆ ಎರಡು ತೂತು, ನಡುವೆ ಡಯಲಿಗೊಂದು ಸಣ್ಣ ಕಿಟಕಿ. ಹೊಸ ಡೆಕ್ ಹಿಡಿಸಲು ಆ ತಗಡನ್ನು ಗರಗಸದಿಂದ ಕುಯ್ದರು. ಹೀಗೆ ಕುಯ್ಯದ ಡ್ಯಾಶ್‌ಬೋರ್ಡು ಉಳಿದಿರುವ ಕಾರಿಗೆ ಈಗ ಮಾರುಕಟ್ಟೆಯಲ್ಲಿ ಬೇರೆಯೇ ಮರ್ಯಾದೆ.

ಕರೆಂಟಿನ ಲೆಕ್ಕ

ಕಾರಿನಲ್ಲಿ ದನಿ ಏಕೆ ಸೊರಗುತ್ತದೆ ಎಂಬುದಕ್ಕೆ ಉತ್ತರ ಬ್ಯಾಟರಿಯಲ್ಲಿದೆ. ಎಂಜಿನ್ ಓಡುವಾಗ ಸಿಗುವ 14 ವೋಲ್ಟಿನ ಆಸುಪಾಸಿನಲ್ಲಿ, 4 ಓಮ್ ಸ್ಪೀಕರಿಗೆ ಸಾಧಾರಣ ಜೋಡಣೆಯ ರೇಡಿಯೊ ಐದಾರು ವ್ಯಾಟ್ ಕೊಡಬಲ್ಲದು. ಎರಡು ಆಂಪ್ಲಿಫೈಯರುಗಳನ್ನು ಎದುರುಬದುರಾಗಿ ಸ್ಪೀಕರಿಗೆ ಜೋಡಿಸುವ ಬ್ರಿಜ್ ವಿಧಾನದಲ್ಲಿ ಇಪ್ಪತ್ತರವರೆಗೆ ಹೋಗಬಹುದು, ಅದರಾಚೆ ಹೋಗಲು ವೋಲ್ಟೇಜೇ ಇಲ್ಲ. ಡಬ್ಬದ ಮೇಲೆ 50 ವ್ಯಾಟ್ ಎಂದು ಅಚ್ಚು ಹಾಕಿದ ಮಾತ್ರಕ್ಕೆ ಈ ಗಣಿತ ಬದಲಾಗುವುದಿಲ್ಲ. ದಾರಿ ಒಂದೇ: ಆಂಪ್ಲಿಫೈಯರಿನೊಳಗೇ ವೋಲ್ಟೇಜನ್ನು ಏರಿಸಿಕೊಳ್ಳುವುದು. ಅಮೆರಿಕದ ಅರಿಜೋನಾದ ಜಿಮ್ ಫಾಸ್‌ಗೇಟ್ 1973ರಲ್ಲಿ ಕಾರಿಗೆಂದೇ ತಯಾರಿಸಿದ ಬಿಡಿ ಆಂಪ್ಲಿಫೈಯರ್‌ನಿಂದ ಈ ಕಸುಬಿನ ಹೊಸ ಅಧ್ಯಾಯ ಶುರುವಾಯಿತು. ಡೆಕ್ ಹಾಡು ಓದುವುದು, ಬಲ ಕೊಡುವುದು ಡಿಕ್ಕಿಯಲ್ಲಿರುವ ಪೆಟ್ಟಿಗೆ ಎಂಬ ಹಂಚಿಕೆ ಆಗಿನಿಂದ ನೆಲೆಯೂರಿತು.

ಇದನ್ನೇ ಹಳೆಯ ಕಾರಿಗೆ ತಂದರೆ ಬೇರೆ ಗೋಡೆ ಎದುರಾಗುತ್ತದೆ. 1950ರ ದಶಕದ ಮಾರಿಸ್ ಆಕ್ಸ್‌ಫರ್ಡ್‌ನಂಥ ಕಾರಿನ ಡೈನಮೋ ಕೊಡುವುದೇ ಇಪ್ಪತ್ತು ಆಂಪಿಯರ್ ಆಸುಪಾಸು, ಅದೂ ಎಂಜಿನ್ ಜೋರಾಗಿ ತಿರುಗುವಾಗ. ರಾತ್ರಿ ಎರಡು ಹೆಡ್‌ಲೈಟುಗಳೇ ಏಳೆಂಟು ಆಂಪಿಯರ್ ನುಂಗುತ್ತವೆ. ಇಗ್ನಿಷನ್ ಕಾಯಿಲ್, ವೈಪರ್, ಹಿಂದಿನ ದೀಪಗಳ ಪಾಲು ಕಳೆದರೆ ಉಳಿಯುವುದು ಎಂಟೊಂಬತ್ತು. 500 ವ್ಯಾಟಿನ ಆಂಪ್ಲಿಫೈಯರ್ ಪೂರ್ಣ ಬಲದಲ್ಲಿ ನುಡಿದರೆ ಎಳೆಯುವುದು ಎಪ್ಪತ್ತು ಆಂಪಿಯರಿಗೆ ಹತ್ತಿರ. ಹಾಡಿನ ಪ್ರತಿ ಗುದ್ದಿಗೂ ಹೆಡ್‌ಲೈಟು ಮಂಕಾಗುವ ಕಾರುಗಳನ್ನು ನೋಡಿದವರಿಗೆ ಇದು ಅನುಭವದಿಂದಲೇ ಗೊತ್ತು. ಹಾಗಾಗಿ ಬಲ್ಲ ಕಸುಬುದಾರ ಸ್ಪೀಕರ್ ಕೊಳ್ಳುವ ಮೊದಲು ಡೈನಮೋ ತೆಗೆಸಿ ಆಲ್ಟರ್ನೇಟರ್ ಹಾಕಿಸುತ್ತಾನೆ. ಆ ಕಾಲದ ಬಹಳಷ್ಟು ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಬಾಡಿಗೆ ಅರ್ಥ್ ಆಗಿರುತ್ತದೆ. ಅದನ್ನು ಗಮನಿಸದೆ ಈಗಿನ ಸೆಟ್ಟು ಜೋಡಿಸಿದರೆ ಮೊದಲ ಕ್ಷಣದಲ್ಲೇ ಫ್ಯೂಸು ಹಾರುತ್ತದೆ, ಕೆಲವೊಮ್ಮೆ ಸೆಟ್ಟೂ ಸುಡುತ್ತದೆ. ಬ್ಯಾಟರಿಯಿಂದ ಹೊರಟ ದಪ್ಪ ವೈರಿಗೆ ಒಂದೂವರೆ ಅಡಿಯೊಳಗೆ ಫ್ಯೂಸು ಬೇಕು. ಎಂಜಿನ್ ಕಡೆಯ ತಗಡನ್ನು ದಾಟುವಲ್ಲಿ ರಬ್ಬರ್ ಬಳೆ ಬೇಕು, ಇಲ್ಲವಾದರೆ ತಗಡಿನ ಅಂಚು ವೈರಿನ ಹೊದಿಕೆಯನ್ನು ದಿನವೂ ಅಷ್ಟಷ್ಟೇ ತಿನ್ನುತ್ತದೆ. ಬೆಂಕಿ ಬೀಳುವುದು ಇಂಥ ಸಣ್ಣ ಅಸಡ್ಡೆಯಿಂದ.

ಡಬ್ಬ, ತಗಡು, ಕಿವಿ

ಸ್ಪೀಕರಿನಷ್ಟೇ ಮುಖ್ಯ ಅದು ಕೂರುವ ಡಬ್ಬ. ಎಷ್ಟು ಲೀಟರಿನ ಡಬ್ಬದಲ್ಲಿ ಯಾವ ಸ್ಪೀಕರ್ ಹೇಗೆ ನುಡಿಯುತ್ತದೆಂದು ಮೊದಲೇ ಲೆಕ್ಕ ಹಾಕುವ ವಿದ್ಯೆಯನ್ನು ಕೊಟ್ಟವರು ಇಬ್ಬರು: ಆಸ್ಟ್ರೇಲಿಯದ ನೆವಿಲ್ ಥೀಲ್, 1961ರಲ್ಲಿ, ಅದನ್ನು ಬೆಳೆಸಿದ ರಿಚರ್ಡ್ ಸ್ಮಾಲ್, 1970ರ ದಶಕದ ಆರಂಭದಲ್ಲಿ. ಅಲ್ಲಿಯವರೆಗೆ ಅಂದಾಜಿನ ಬಡಗಿತನವಾಗಿದ್ದುದು ಅಳತೆಯ ಕೆಲಸವಾಯಿತು. ಕಾರಿನಂಥ ಪುಟ್ಟ ಮುಚ್ಚಿದ ಜಾಗ ತಗ್ಗಿನ ಸ್ವರಗಳನ್ನು ತಾನೇ ಎತ್ತಿಕೊಡುತ್ತದೆ. ಮನೆಯಲ್ಲಿ ದೊಡ್ಡ ಪೆಟ್ಟಿಗೆ ಕೇಳುವ ಬೇಸ್ ಇಲ್ಲಿ ಹತ್ತಂಗುಲದ ಸ್ಪೀಕರಿಗೂ, ಇಪ್ಪತ್ತು ಚಿಲ್ಲರೆ ಲೀಟರಿನ ಡಬ್ಬಕ್ಕೂ ದಕ್ಕುತ್ತದೆ.

ಆದರೆ ಆ ಬೇಸಿಗೆ ಹಳೆಯ ಕಾರಿನ ಬಾಗಿಲು, ಚಾವಣಿ, ನಂಬರ್ ಪ್ಲೇಟು ಎಲ್ಲವೂ ಕಂಜರದಂತೆ ಅದುರುತ್ತವೆ. ಬಾಗಿಲಿನ ಒಳಹಲಗೆ ಬಿಚ್ಚಿ, ತುಕ್ಕು ಉಜ್ಜಿ, ಟಾರಿನ ಅಥವಾ ಬ್ಯೂಟೈಲ್ ರಬ್ಬರಿನ ಹಾಳೆಯನ್ನು ರೋಲರಿನಿಂದ ಒತ್ತಿ ಅಂಟಿಸಬೇಕು. ಬೆರಳಿನಿಂದ ತಟ್ಟಿದರೆ ಟಣ್ ಎನ್ನುತ್ತಿದ್ದ ತಗಡು ಈಗ ಹಲಸಿನಹಣ್ಣು ತಟ್ಟಿದಂತೆ ದಬ್ ಎನ್ನಬೇಕು. ಕಾಣಿಸದ ಈ ಕೆಲಸಕ್ಕೆ ಎರಡು ದಿನ ಹಿಡಿಯುತ್ತದೆಂದು ಬಿಟ್ಟುಬಿಡುವವರೇ ಹೆಚ್ಚು. ಎಷ್ಟು ದುಬಾರಿಯ ಸ್ಪೀಕರೂ ಆ ಕೊರತೆಯನ್ನು ತುಂಬಿಕೊಡದು.

ಇನ್ನೊಂದು ತೊಡಕು ಕೂರುವ ಜಾಗದ್ದು. ನಮ್ಮ ಕಾರುಗಳಲ್ಲಿ ಓಡಿಸುವವನು ಬಲಕ್ಕೆ ಕೂರುತ್ತಾನೆ. ಬಲಬಾಗಿಲಿನ ಸ್ಪೀಕರಿಗಿಂತ ಎಡಬಾಗಿಲಿನದು ಅರ್ಧ ಮೀಟರಿನಷ್ಟು ದೂರವಿದ್ದರೆ ಅದರ ಸದ್ದು ಒಂದೂವರೆ ಮಿಲಿಸೆಕೆಂಡು ತಡವಾಗಿ ತಲುಪುತ್ತದೆ. ಹಾಡುವವರು ಬಲಕಿಟಕಿಯಲ್ಲಿ ತೂಗಿಕೊಂಡಂತೆ ಕೇಳಿಸುತ್ತದೆ. ಬಲಗಡೆಯ ದನಿಯನ್ನು ಅಷ್ಟೇ ಹೊತ್ತು ತಡೆದು ಬಿಡುವ ಡಿಜಿಟಲ್ ಸಂಸ್ಕಾರಕಗಳು ಬಂದ ಮೇಲೆ ಗಾಯಕಿ ಬಾನೆಟ್ಟಿನ ನಡುವೆ ನಿಂತು ಹಾಡಿದಂತೆ ಮಾಡುವುದು ಸಾಧ್ಯವಾಗಿದೆ.

1980ರ ದಶಕದಲ್ಲಿ ಅಮೆರಿಕದಲ್ಲಿ ಈ ಕಸುಬು ಪಂದ್ಯದ ರೂಪವನ್ನೂ ತಾಳಿತು. ವೇನ್ ಹ್ಯಾರಿಸ್ 1960ರ ಕ್ಯಾಡಿಲಾಕ್ ಶವವಾಹನವೊಂದರಲ್ಲಿ ಕಟ್ಟಿದ ವ್ಯವಸ್ಥೆ ಸದ್ದಿನ ಜೋರಿಗೆ ಹೆಸರಾದರೆ, ರಿಚರ್ಡ್ ಕ್ಲಾರ್ಕ್‌ನ ಬ್ಯೂಕ್ ಗ್ರ್ಯಾಂಡ್ ನ್ಯಾಷನಲ್ ದನಿಯ ಸೊಗಸಿಗೆ ಹೆಸರಾಯಿತು. ನೆನಪಿನಲ್ಲಿಡಬೇಕಾದದ್ದು ಎರಡನೆಯದು.

ಭಾರತದಲ್ಲಿ

ಇಲ್ಲಿ ಹಳೆಯ ಕಾರೆಂದರೆ ಮಾರಿಸ್ ಆಕ್ಸ್‌ಫರ್ಡ್‌ನಿಂದ ಮೂಡಿ 2014ರವರೆಗೆ ತಯಾರಾದ ಅಂಬಾಸಿಡರ್, ಫಿಯಟ್ 1100ರಿಂದ ಬಂದ ಪದ್ಮಿನಿ, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಬಹುಕಾಲ ಕಾರ್ ರೇಡಿಯೊ ಎಂದರೆ ಮೀಡಿಯಂ ವೇವ್: ಆಕಾಶವಾಣಿ, 1957ರಲ್ಲಿ ಶುರುವಾದ ವಿವಿಧಭಾರತಿ. ರೇಡಿಯೊ ಇಟ್ಟುಕೊಳ್ಳಲು 1980ರ ದಶಕದ ಮಧ್ಯದವರೆಗೂ ಲೈಸೆನ್ಸು ಬೇಕಿತ್ತು. ಕ್ಯಾಸೆಟ್ಟು ಬಂದು ಕೇಳುವ ರೀತಿಯೇ ಬದಲಾಯಿತು. 1978ರಲ್ಲಿ ‘ನಿತ್ಯೋತ್ಸವ’ ಭಾವಗೀತೆಗಳ ಕ್ಯಾಸೆಟ್ಟು ಬಂತು. ಮುಂದಿನ ವರ್ಷಗಳಲ್ಲಿ ಭಾವಗೀತೆಯೂ ಸಿನಿಮಾ ಹಾಡೂ ಟ್ಯಾಕ್ಸಿಗಳ ಡೆಕ್ಕಿಗೆ ಏರಿದವು. ಹಿಂದಿನ ಗಾಜಿನ ಕೆಳಗಿನ ಹಲಗೆಯಲ್ಲಿ ಆರು-ಒಂಬತ್ತು ಅಂಗುಲದ ಮೊಟ್ಟೆಯಾಕಾರದ ಜೋಡಿ ಸ್ಪೀಕರ್, ಅದರ ಮೇಲೆ ಬಿಸಿಲಿಗೆ ಬಣ್ಣಗೆಟ್ಟ ಟವೆಲು. ಹಲಗೆ ಉದ್ದಕ್ಕಿದ್ದು ಅಗಲಕ್ಕಿಲ್ಲದ್ದರಿಂದ ಆ ಮೊಟ್ಟೆಯಾಕಾರ. ಅಲ್ಲಿ ಹಿಡಿಸುವಷ್ಟರಲ್ಲಿ ಹೆಚ್ಚು ಗಾಳಿ ತಳ್ಳುವುದು ಅದೇ. ಬೆಂಗಳೂರಿನಲ್ಲಿ ಇಂಥ ಕೆಲಸದ ಬೀದಿ ಜೆ.ಸಿ. ರಸ್ತೆ, ಬಿಡಿ ಟ್ರಾನ್ಸಿಸ್ಟರ್, ಕೆಪಾಸಿಟರ್ ಬೇಕಾದರೆ ಪಕ್ಕದಲ್ಲೇ ಎಸ್.ಪಿ. ರಸ್ತೆ. 2001ರಲ್ಲಿ ಬೆಂಗಳೂರಿನಿಂದಲೇ ದೇಶದ ಖಾಸಗಿ ಎಫ್‌ಎಂ ಪ್ರಸಾರ ಶುರುವಾದಾಗ ಹಳೆಯ ಮೀಡಿಯಂ ವೇವ್ ಸೆಟ್ಟುಗಳು ಮೂಕವಾಗಿ ಕೂತವು.

ಈಗಿನ ರೀತಿ

ಇಂದು ಈ ಕಸುಬಿನ ಒಲವು ಮರೆಮಾಚುವ ಕಡೆಗಿದೆ. ಹಳೆಯ ಗುಂಡಿಗಳ ತೂತಿಗೇ ಹೊಂದುವ, ಮುಖ ಹಳೆಯದು ಒಡಲು ಹೊಸದಾದ ರೇಡಿಯೊಗಳು ಸಿಗುತ್ತವೆ. ಪೋರ್ಷೆ ಕಂಪನಿಯೇ ತನ್ನ ಹಳೆಯ ಮಾದರಿಗಳಿಗೆ ನಕ್ಷೆ, ಫೋನ್ ಜೋಡಣೆಯಿರುವ ಅಂಥ ಸೆಟ್ಟನ್ನು 2020ರಲ್ಲಿ ತಂದಿತು. ಇನ್ನೂ ನಾಜೂಕಿನ ಹಾದಿಯೆಂದರೆ ಕಾರಿನ ಮೂಲ ರೇಡಿಯೊವನ್ನೇ ಬಿಚ್ಚಿ ಒಳಗೆ ಹೊಸ ಸರ್ಕಿಟ್ ಕೂರಿಸುವುದು. ಅದೇ ಗುಂಡಿ ತಿರುಗುತ್ತದೆ, ಅದೇ ಮುಳ್ಳು ಸರಿಯುತ್ತದೆ, ಬರುವುದು ಎಫ್‌ಎಂ ಅಥವಾ ಫೋನಿನ ಹಾಡು. ಸ್ಪೀಕರನ್ನು ಮುಂಭಾಗದ ಕಾಲಿನ ಬದಿಯಲ್ಲಿ, ಸೀಟಿನಡಿಯಲ್ಲಿ, ಸ್ಕ್ರೂ ಬಿಚ್ಚಿದರೆ ಹೊರಬರುವ ಪ್ಲೈವುಡ್ ಡಬ್ಬಗಳಲ್ಲಿ ಇಡುತ್ತಾರೆ. ಮೂಲ ತಗಡಿಗೆ ಒಂದು ತೂತೂ ಬೀಳುವುದಿಲ್ಲ.

ಹಿಂದೆ ಕುಯ್ದ ಕಾರುಗಳಲ್ಲಿ ಕೆಲಸ ಹಿಮ್ಮುಖವಾಗಿ ನಡೆಯುತ್ತದೆ. ಟಿಂಕರ್ ಡೆಕ್ ಹೊರತೆಗೆದು, ಕಿಂಡಿಯ ಅಳತೆಗೆ ಹೊಸ ತಗಡು ಕತ್ತರಿಸಿ, ಚುಕ್ಕೆ ಚುಕ್ಕೆಯಾಗಿ ಬೆಸುಗೆ ಹಾಕಿ, ಅರದಿಂದ ಉಜ್ಜಿ ಸಮ ಮಾಡುತ್ತಾನೆ. ಆಮೇಲೆ ಅದೇ ತಗಡಿನಲ್ಲಿ, ಮೊದಲಿದ್ದ ಜಾಗದಲ್ಲೇ, ಎರಡು ಗುಂಡಿಗೆ ಎರಡು ತೂತು ಕೊರೆಯುತ್ತಾನೆ.