ಮಲ್ಲರಂಗದ ಮಾತುಗಾರ

ಮಲ್ಲಯುದ್ಧದ ಚರಿತ್ರೆಯಲ್ಲಿ ಮಲ್ಲರ ಹೆಸರುಗಳು ಉಳಿಯುವುದು ಸಹಜ. ಯಾರೊಬ್ಬರನ್ನೂ ಚಿತ್ ಮಾಡದೆ, ಕೇವಲ ಮಾತಿನ ಬಲದಿಂದ ಆ ಚರಿತ್ರೆಯಲ್ಲಿ ಸ್ಥಾನ ಪಡೆದವರು ವಿರಳ. ಅಮೆರಿಕದ ಗಾರ್ಡನ್ ಸೋಲಿ ಅಂಥವರಲ್ಲೊಬ್ಬನು. ಕಂಬಂ ಕಣಿವೆಯ ನಮ್ಮ ಮನೆಗಳಲ್ಲಿ ಕನ್ನಡವು ಪುಸ್ತಕದಿಂದ ಬಂದುದಲ್ಲ. ಬಾಯಿಂದ ಕಿವಿಗೆ ಬಂದು ಉಳಿದುದು. ಬಾಯಿಮಾತಿನ ಬೆಲೆಯನ್ನು ಬಲ್ಲ ನಮ್ಮ ವಾಚಕರಿಗೆ ಈತನ ಜೀವನವು ವಿಚಾರಾರ್ಹವೆಂದು ನಾವು ಭಾವಿಸುತ್ತೇವೆ.

ಸೋಲಿಯು 1929ರಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಜನಿಸಿದನು. ವಾಯುದಳದಲ್ಲಿ ಸೇವೆ ಸಲ್ಲಿಸಿದ ತರುವಾಯ, 1950ರಲ್ಲಿ ಫ್ಲಾರಿಡಾ ಪ್ರಾಂತ್ಯದ ಟ್ಯಾಂಪಾ ನಗರಕ್ಕೆ ಬಂದು ರೇಡಿಯೋ ನಿಲಯವೊಂದನ್ನು ಸೇರಿದನು. ಕ್ರೀಡಾವಾರ್ತೆಯನ್ನು ಹೇಳುವುದು, ಕ್ರೀಡಾಪಟುಗಳನ್ನು ಸಂದರ್ಶಿಸುವುದು ಅವನ ಕೆಲಸವಾಗಿತ್ತು. ಮುಂದೆ ಮೋಟಾರು ಪಂದ್ಯಗಳನ್ನೂ ವರ್ಣಿಸಿದನು. ಹೀಗೆ ಕುಸ್ತಿಯವರ ಪರಿಚಯವಾಗಿ, ಕಣದ ನಡುವೆ ನಿಂತು ಜೋಡಿಗಳ ಹೆಸರು ಸಾರುವ ಕೆಲಸ ದೊರೆಯಿತು. 1960ರಲ್ಲಿ ಫ್ಲಾರಿಡಾದ ಕುಸ್ತಿಗೆ ಟೆಲಿವಿಷನ್ ವಿವರಣೆಗಾರನಾದನು. 1987ರಲ್ಲಿ ಆ ಸಂಸ್ಥೆ ಮುಚ್ಚುವವರೆಗೂ ಅದರ ಧ್ವನಿ ಸೋಲಿಯದೇ ಎನ್ನುವಂತಾಯಿತು. 1970ರ ದಶಕದಲ್ಲಿ ಜಾರ್ಜಿಯಾ ಪ್ರಾಂತ್ಯದ ಕುಸ್ತಿಯನ್ನೂ ವರ್ಣಿಸತೊಡಗಿದ ಮೇಲೆ, ಅಲ್ಲಿಯ ನಿಲಯದ ಪ್ರಸಾರವು ಉಪಗ್ರಹದ ಮೂಲಕ ದೇಶದಲ್ಲೆಲ್ಲ ಹರಡಿದ ಕಾರಣ, ಆ ಕಂಠವು ದೂರದ ಮನೆಗಳನ್ನೂ ಮುಟ್ಟಿತು.

ಇಲ್ಲೊಂದು ಸಂಗತಿಯನ್ನು ಅರಿಯಬೇಕು. ಈ ಕುಸ್ತಿಯು ಗರಡಿಯ ಕುಸ್ತಿಯಲ್ಲ. ದಾರಾಸಿಂಗ್, ಕಿಂಗ್ ಕಾಂಗ್ ಮೊದಲಾದವರ ಹೆಸರಿನೊಡನೆ ನಮ್ಮವರು ಕೇಳಿಬಲ್ಲ ವೃತ್ತಿಕುಸ್ತಿ. ಅಮೆರಿಕದ ವೃತ್ತಿಕುಸ್ತಿಯಲ್ಲಿ ಸೋಲುಗೆಲುವುಗಳು ಮೊದಲೇ ನಿಶ್ಚಿತವಾಗಿರುತ್ತಿದ್ದವು. ಅದನ್ನು ಬಹುಕಾಲ ಗುಟ್ಟಾಗಿಡಲಾಗಿತ್ತು. ಸರಕಾರದ ಕ್ರೀಡಾನಿಯಮಗಳಿಂದ ಪಾರಾಗುವ ಸಲುವಾಗಿ, 1989ರಲ್ಲಿ ಅಲ್ಲಿಯ ದೊಡ್ಡ ಸಂಸ್ಥೆಯೊಂದು ತನ್ನದು ಸ್ಪರ್ಧೆಯಲ್ಲ, ಮನರಂಜನೆಯೆಂದು ನ್ಯೂಜೆರ್ಸಿ ಪ್ರಾಂತ್ಯದ ಶಾಸನಸಭೆಯ ಮುಂದೆ ಒಪ್ಪಿಕೊಂಡಿತು. ಆದರೂ ಮಲ್ಲರು ಬೀಳುವುದು ಸುಳ್ಳಲ್ಲ, ನೋಯುವುದೂ ಸುಳ್ಳಲ್ಲ.

ಇಂಥ ಕುಸ್ತಿಯನ್ನು ಹೇಗೆ ವರ್ಣಿಸಬೇಕು? 1940ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಡೆನಿಸ್ ಜೇಮ್ಸ್ ಎಂಬವನು ಮೂಳೆ ಮುರಿದಂತೆ ಸದ್ದುಮಾಡುವ ವಸ್ತುಗಳನ್ನು ಮೈಕಿನ ಬಳಿ ಮುರಿದು ಜನರನ್ನು ನಗಿಸುತ್ತಿದ್ದನು. ಸೋಲಿಯು ಈ ಹಾಸ್ಯದ ದಾರಿಯನ್ನು ತುಳಿಯಲಿಲ್ಲ. ಮಲ್ಲರಿಂದಲೇ ಪಟ್ಟುಗಳ ಹೆಸರನ್ನು ಕಲಿತು, ಯಾವ ಪಟ್ಟು ಯಾವ ಕೀಲನ್ನು ನೋಯಿಸುತ್ತದೆಂಬುದನ್ನು ವಾರ್ತೆ ಓದುವವನಂತೆ ತಗ್ಗಿದ ದನಿಯಲ್ಲಿ ತಿಳಿಸಿದನು. ಕುಸ್ತಿಯನ್ನು ಅವನು ನರರ ಚದುರಂಗವೆಂದು ಕರೆದನು.

ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಕಾಳಗದಲ್ಲಿ, ವಜ್ರಮುಷ್ಟಿಯ ಏಟಿಗೆ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗವು ನಿಲ್ಲುತ್ತದೆ. ಅಮೆರಿಕದ ಕಣದಲ್ಲಾದರೋ ರಕ್ತ ಕಂಡ ಮೇಲೆಯೇ ಕಥೆಗೆ ಕಾವೇರುತ್ತಿತ್ತು. ಅದಕ್ಕಾಗಿ ಮಲ್ಲರು ಅಲಗಿನ ತುಣುಕಿನಿಂದ ತಮ್ಮ ಹಣೆಯನ್ನು ತಾವೇ ಕೊಯ್ದುಕೊಳ್ಳುವುದೂ ಇತ್ತು. ರಕ್ತದಲ್ಲಿ ತೊಯ್ದ ಆ ಮುಖವನ್ನು ಕಡುಗೆಂಪು ಮುಖವಾಡವೆಂದು ಸೋಲಿಯು ವರ್ಣಿಸುತ್ತಿದ್ದನು. ಇತರರು ಕಿರುಚಿ ಹೇಳಿದ್ದರೆ ಜನರು ಸಂಶಯಪಡುತ್ತಿದ್ದರೇನೋ. ಇವನು ಶಾಂತನಾಗಿ ಹೇಳಿದುದರಿಂದ ನಂಬಿದರು.

ಇಲ್ಲಿಯೇ ವಿಚಾರವು ತೊಡಕಾಗುತ್ತದೆ. ಯಕ್ಷಗಾನದ ಭಾಗವತನೂ ಕಥೆಯನ್ನು ನಡೆಸುವವನೇ. ಆದರೆ ನಡೆಯುತ್ತಿರುವುದು ಆಟವೆಂದು ಸಭೆ ಬಲ್ಲದು. ಸೋಲಿಯ ಶ್ರೋತೃಗಳಿಗೆ ಅದನ್ನು ಯಾರೂ ಹೇಳಿರಲಿಲ್ಲ. ಕ್ರೀಡಾವಾರ್ತೆಯಿಂದ ಗಳಿಸಿದ ನಂಬಿಕೆಯನ್ನು ಅವನು ನಿಶ್ಚಿತ ಫಲದ ಆಟಕ್ಕೆ ಒತ್ತೆಯಿಟ್ಟನು. ಇದು ದೋಷವಲ್ಲವೆಂದು ನಾವು ವಾದಿಸಲಾರೆವು. ಆದರೆ ಮಲ್ಲನ ಕೌಶಲವನ್ನಾಗಲಿ ಮೈನೋವನ್ನಾಗಲಿ ಅವನು ನಗೆಪಾಟಲು ಮಾಡಲಿಲ್ಲ. ದುಡಿಯುವ ದೇಹಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿದನು. ಇದನ್ನೂ ಮರೆಯಲಾಗದು.

1983ರ ನವೆಂಬರಿನಲ್ಲಿ ಗ್ರೀನ್ಸ್‌ಬರೋ ನಗರದಲ್ಲಿ ರಿಕ್ ಫ್ಲೇರನು ಹಾರ್ಲಿ ರೇಸನನ್ನು ಸೋಲಿಸಿದ ಪ್ರಸಿದ್ಧ ಪಂದ್ಯಕ್ಕೂ ಸೋಲಿಯೇ ವಿವರಣೆಗಾರರಲ್ಲೊಬ್ಬನು. 1995ರ ವೇಳೆಗೆ ಆ ವೃತ್ತಿಯಿಂದ ದೂರವಾದನು. ಗಂಟಲಿನ ಕ್ಯಾನ್ಸರಿನಿಂದಾಗಿ 1999ರಲ್ಲಿ ಅವನ ಧ್ವನಿತಂತುಗಳನ್ನೇ ತೆಗೆಯಬೇಕಾಯಿತು. ನಾಲ್ಕು ದಶಕಗಳ ಕಾಲ ಪರರ ಪೆಟ್ಟುಗಳಿಗೆ ಮಾತು ಕೊಟ್ಟವನು ಕೊನೆಯ ತಿಂಗಳುಗಳಲ್ಲಿ ತನ್ನ ನೋವನ್ನು ಹೇಳಿಕೊಳ್ಳಲು ದನಿಯಿಲ್ಲದವನಾದನು. 2000ದ ಜುಲೈ 27ರಂದು, ತನ್ನ 71ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಪಾಠ ಹೇಳುವವರು, ಹರಿಕಥೆ ಮಾಡುವವರು, ವಾರ್ತೆ ಓದುವವರು ಎಲ್ಲರೂ ಕೇಳುವವರ ನಂಬಿಕೆಯಿಂದಲೇ ಬಾಳುವರು. ಕಿರುಚದೆ ನಂಬಿಸಬಲ್ಲ ದನಿಗೆ ಹೊಣೆಯು ಇಮ್ಮಡಿ ಎಂಬುದನ್ನು ಗಾರ್ಡನ್ ಸೋಲಿಯ ಗುಣದೋಷಗಳೆರಡೂ ನಮಗೆ ತಿಳಿಸುತ್ತವೆ.