ಮಾಡ್ ಹಾಕಿದ ಮೇಲೆ ಗೇಮ್ ಕ್ರ್ಯಾಶ್ ಆಗ್ತಿದೆಯೇ? ಅಳಿಸುವ ಮೊದಲು ಲಾಗ್ ಓದಿ

ಮೈನ್‌ಕ್ರಾಫ್ಟ್ ಆಡುವ ಹುಡುಗರಿರುವ ಮನೆಗಳಲ್ಲಿ ಈ ದೂರು ಸಾಮಾನ್ಯ. ನಿನ್ನೆ ರಾತ್ರಿವರೆಗೆ ಸರಿಯಾಗಿದ್ದ ಗೇಮ್, ಹೊಸ ಮಾಡ್ ಒಂದನ್ನು ಹಾಕಿದ ಮೇಲೆ ತೆರೆಯುವುದೇ ಇಲ್ಲ. ತೆರೆದರೂ ಅರ್ಧದಲ್ಲೇ ಬಂದ್. ಹೆಚ್ಚಿನವರು ಆಗ ಮಾಡುವುದು ಒಂದೇ ಕೆಲಸ: ಎಲ್ಲವನ್ನೂ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡುವುದು. ಇದರಿಂದ ಸಿಟ್ಟು ತಣಿಯಬಹುದು, ಆದರೆ ಎರಡು ವರ್ಷ ಕೂತು ಕಟ್ಟಿದ ಊರು, ಕೋಟೆ, ಯಂತ್ರಗಳೂ ಕೆಲವೊಮ್ಮೆ ಅದರ ಜೊತೆಗೇ ಹೋಗಿಬಿಡುತ್ತವೆ. ಅದೇ ಮಾಡ್‌ಗಳನ್ನು ಮತ್ತೆ ಹಾಕಿದ ಕೂಡಲೇ ತೊಂದರೆಯೂ ವಾಪಸ್ ಬರುತ್ತದೆ.

ಮಾಡ್ ಎಂದರೆ ಮಾಡಿಫಿಕೇಶನ್. ಗೇಮ್ ತಯಾರಿಸಿದ ಕಂಪೆನಿಗೆ ಸಂಬಂಧವಿಲ್ಲದ ಹವ್ಯಾಸಿಗಳು ಬರೆದು, ಹೆಚ್ಚಾಗಿ ಉಚಿತವಾಗಿ ಹಂಚುವ ಸೇರ್ಪಡೆ. ಸ್ವೀಡನ್‌ನ ಮೊಜಾಂಗ್ ಕಂಪೆನಿ 2011ರಲ್ಲಿ ಪೂರ್ಣ ರೂಪದಲ್ಲಿ ಹೊರತಂದ ಮೈನ್‌ಕ್ರಾಫ್ಟ್ ಅನ್ನು 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರ್‌ಗೆ ಖರೀದಿಸಿತು. ಇದರ ಜಾವಾ ಆವೃತ್ತಿಗೆ ಮಾಡ್ ಹಾಕಲು ಕಂಪೆನಿಯದೇ ಆದ ಲೋಡರ್ ಇಲ್ಲ. ಹೊರಗಿನವರು ಮಾಡಿದ ಫೋರ್ಜ್, ಫ್ಯಾಬ್ರಿಕ್, ನಿಯೋಫೋರ್ಜ್ ಎಂಬ ಲೋಡರ್‌ಗಳೇ ಆ ಕೆಲಸ ಮಾಡುವುದು. ಫೋರ್ಜ್‌ಗೆ ಬರೆದ ಮಾಡ್ ಫ್ಯಾಬ್ರಿಕ್‌ನಲ್ಲಿ ಓಡುವುದಿಲ್ಲ. 1.20.1ಕ್ಕೆ ಬರೆದದ್ದು 1.21ರಲ್ಲಿ ಓಡುತ್ತದೆಂಬ ಭರವಸೆಯೂ ಇಲ್ಲ. ಬಹಳಷ್ಟು ಕ್ರ್ಯಾಶ್‌ಗಳ ಕಥೆ ಇಷ್ಟೇ. ಆವೃತ್ತಿಯ ಸಂಖ್ಯೆ ಫೈಲ್‌ನ ಹೆಸರಲ್ಲೇ ಬರೆದಿರುತ್ತದೆ, ಅದನ್ನು ಓದಿರುವುದಿಲ್ಲ.

ಮೊದಲು ನಕಲು, ಆಮೇಲೆ ರಿಪೇರಿ

ಲಾಂಚರ್‌ನ ಇನ್‌ಸ್ಟಾಲೇಶನ್ಸ್ ಪುಟದಲ್ಲಿ ಪ್ರತಿ ಆವೃತ್ತಿಯ ಎದುರು ಫೋಲ್ಡರ್ ಚಿತ್ರವೊಂದು ಇರುತ್ತದೆ. ಅದನ್ನು ಒತ್ತಿದರೆ ಗೇಮ್‌ನ ಫೋಲ್ಡರ್ ತೆರೆಯುತ್ತದೆ. ಅದರೊಳಗಿನ 'ಸೇವ್ಸ್' ಫೋಲ್ಡರ್‌ನಲ್ಲಿ ಆಟಗಾರ ಕಟ್ಟಿದ ಲೋಕಗಳಿರುತ್ತವೆ. ಬೇರೆ ಯಾವುದನ್ನೂ ಮುಟ್ಟುವ ಮೊದಲು ಅದನ್ನು ಪೆನ್‌ಡ್ರೈವ್‌ಗೆ ನಕಲು ಮಾಡಬೇಕು. ಇದು ಸುಮ್ಮನೆ ಹೇಳುವ ಮಾತಲ್ಲ. ಮಾಡ್ ತೆಗೆದು ಹಳೆಯ ಲೋಕವನ್ನು ತೆರೆದರೆ, ಆ ಮಾಡ್‌ನಿಂದ ಬಂದ ಕಲ್ಲು, ಯಂತ್ರ, ಪೆಟ್ಟಿಗೆಗಳೆಲ್ಲ ಮಾಯವಾಗುತ್ತವೆ. ಆ ಸ್ಥಿತಿಯಲ್ಲಿ ಲೋಕ ಸೇವ್ ಆದರೆ, ಮಾಡ್ ಮತ್ತೆ ಹಾಕಿದರೂ ಅವು ಬರುವುದಿಲ್ಲ. ಹಾಗಾಗಿ ಪರೀಕ್ಷೆಯನ್ನೆಲ್ಲ ಹೊಸದಾಗಿ ತೆರೆದ ಖಾಲಿ ಲೋಕದಲ್ಲಿ ಮಾಡುವುದು ಒಳ್ಳೆಯದು.

ಖಾಲಿ ಲೋಕ ಸರಿಯಾಗಿ ಓಡಿ, ಹಳೆಯ ಲೋಕ ಮಾತ್ರ ಬೀಳುತ್ತಿದ್ದರೆ ತೊಂದರೆ ಆ ಲೋಕದೊಳಗೇ ಇದೆ ಎಂದಾಯಿತು. ಆಗ ವರದಿಯಲ್ಲಿ 'ಟಿಕಿಂಗ್ ಎಂಟಿಟಿ' ಎಂಬ ಸಾಲು ಬರುವುದುಂಟು. ಅದರ ಕೆಳಗೆ ಯಾವ ಪ್ರಾಣಿ ಅಥವಾ ವಸ್ತು, ಲೋಕದ ಯಾವ ಜಾಗದಲ್ಲಿದೆ ಎಂಬ ಅಂಕಿಗಳೂ ಇರುತ್ತವೆ.

ವರದಿ ಓದುವುದು

ಅದೇ ಫೋಲ್ಡರ್‌ನಲ್ಲಿ 'ಕ್ರ್ಯಾಶ್ ರಿಪೋರ್ಟ್ಸ್' ಮತ್ತು 'ಲಾಗ್ಸ್' ಎಂಬ ಇನ್ನೆರಡು ಫೋಲ್ಡರ್‌ಗಳಿವೆ. ದಿನಾಂಕ, ಗಂಟೆ ನೋಡಿ ಕೊನೆಯ ವರದಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಸಾಕು. ಮೇಲ್ಗಡೆ ಗೇಮ್ ಮಾಡಿದವರು ಒಂದು ತಮಾಷೆಯ ಸಾಲು ಹಾಕಿರುತ್ತಾರೆ, ಪ್ರತಿ ಸಲ ಬೇರೆ ಬೇರೆ. ಕ್ರ್ಯಾಶ್ ಆಗಿ ತಲೆ ಕೆಟ್ಟವನಿಗೆ ಅದು ನಗು ತರಿಸುವುದು ಅನುಮಾನ. ಅದನ್ನು ಬಿಟ್ಟು ಕೆಳಗೆ 'ಡಿಸ್ಕ್ರಿಪ್ಶನ್' ಎಂಬ ಸಾಲನ್ನೂ, ಆಮೇಲೆ 'ಕಾಸ್ಡ್ ಬೈ' ಎಂದು ಶುರುವಾಗುವ ಸಾಲುಗಳನ್ನೂ ಹುಡುಕಬೇಕು. ಅಂಥ ಸಾಲು ಮೂರು ನಾಲ್ಕಿದ್ದರೆ ಮೂಲ ಕಾರಣ ಹೆಚ್ಚಾಗಿ ಕೊನೆಯದರಲ್ಲಿ ಸಿಗುತ್ತದೆ. ಸುತ್ತಮುತ್ತ ಮಾಡ್ ಒಂದರ ಹೆಸರೂ ಕಣ್ಣಿಗೆ ಬಿದ್ದರೆ ಮೊದಲ ಅನುಮಾನ ಅದರ ಮೇಲೆ. ಲಾಂಚರ್ ತೋರಿಸುವ 'ಎಕ್ಸಿಟ್ ಕೋಡ್ 1' ಎಂಬುದನ್ನು ಹಿಡಿದು ಯೂಟ್ಯೂಬ್‌ನಲ್ಲಿ ಹುಡುಕುವುದು ವ್ಯರ್ಥ. ಏನೋ ತಪ್ಪಾಗಿದೆ ಎನ್ನುವುದಷ್ಟೇ ಅದರ ಅರ್ಥ.

ಕೆಲವು ಮಾತುಗಳು ಪದೇ ಪದೇ ಬರುತ್ತವೆ. 'ಔಟ್ ಆಫ್ ಮೆಮೊರಿ' ಎಂದರೆ ಗೇಮ್‌ಗೆ ಕೊಟ್ಟ ರ್‍ಯಾಮ್ ಸಾಲಲಿಲ್ಲ. ಲಾಂಚರ್ ಬಹಳ ಕಾಲ ತಾನಾಗಿ ಕೊಡುತ್ತಿದ್ದದ್ದು 2 ಜಿಬಿ ಮಾತ್ರ. ನೂರಾರು ಮಾಡ್ ಹಾಕಿದರೆ ಅದು ಎಲ್ಲಿಗೂ ಸಾಲದು. ಹಾಗಂತ 8 ಜಿಬಿಯ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿಯನ್ನೂ ಗೇಮ್‌ಗೇ ಬರೆದುಕೊಟ್ಟರೆ ವಿಂಡೋಸ್‌ಗೆ ಏನು ಉಳಿಯುತ್ತೆ? 4 ಜಿಬಿ ಕೊಟ್ಟು ನೋಡಬೇಕು, ಸಾಲದಿದ್ದರೆ ಮಾಡ್‌ಗಳನ್ನೇ ಕಡಿಮೆ ಮಾಡಬೇಕು. 'ಮಿಕ್ಸಿನ್' ಎಂಬ ಪದದ ಜೊತೆ 'ಫೇಲ್ಡ್' ಎಂದು ಕಂಡರೆ, ಮಾಡ್ ಒಂದು ಗೇಮ್‌ನ ಕೋಡ್ ತಿದ್ದಲು ಹೋಗಿ ಸೋತಿದೆ. ಒಂದೋ ಆವೃತ್ತಿ ತಪ್ಪಿದೆ, ಇಲ್ಲವೇ ಇನ್ನೊಂದು ಮಾಡ್ ಅದೇ ಜಾಗಕ್ಕೆ ಕೈ ಹಾಕಿದೆ. ಗೇಮ್ ವೇಗವಾಗಲಿ ಎಂದು ಆಪ್ಟಿಫೈನ್ ಮತ್ತು ಸೋಡಿಯಂ ಎರಡನ್ನೂ ಹಾಕುವವರಿದ್ದಾರೆ. ಎರಡರ ಕೆಲಸವೂ ಒಂದೇ, ಒಟ್ಟಿಗೆ ಓಡುವುದಿಲ್ಲ. ಒಂದೇ ಮಾಡ್‌ನ ಹಳೆಯ, ಹೊಸ ಎರಡೂ ಫೈಲ್ ಫೋಲ್ಡರ್‌ನಲ್ಲಿ ಉಳಿದಿರುವುದೂ ಮಾಮೂಲಿ. ಫ್ಯಾಬ್ರಿಕ್‌ನಲ್ಲಂತೂ ಯಾವ ಮಾಡ್‌ಗೆ ಇನ್ಯಾವುದು ಬೇಕಿತ್ತು, ಯಾವುದು ಇಲ್ಲ ಎಂದು ಪರದೆಯ ಮೇಲೇ ಬರುತ್ತದೆ. ಹೆಚ್ಚಿನ ಸಲ ಕಾಣೆಯಾಗಿರುವುದು ಫ್ಯಾಬ್ರಿಕ್ ಎಪಿಐ.

ಜಾವಾದ ತಕರಾರನ್ನು ಗುರುತಿಸಲು ಸಣ್ಣ ಲೆಕ್ಕ ಸಾಕು. ಮೈನ್‌ಕ್ರಾಫ್ಟ್ 1.18ಕ್ಕೆ ಜಾವಾ 17 ಬೇಕು, 1.20.5ರಿಂದ ಜಾವಾ 21. ಅಧಿಕೃತ ಲಾಂಚರ್ ಸರಿಯಾದ ಜಾವಾವನ್ನು ತಾನೇ ತರುತ್ತದೆ. ಬೇರೆ ಲಾಂಚರ್ ಬಳಸುವವರಿಗೆ, ಸ್ವಂತ ಸರ್ವರ್ ನಡೆಸುವವರಿಗೆ ತೊಂದರೆ ಬರುತ್ತದೆ. ಲಾಗ್‌ನಲ್ಲಿ 'ಕ್ಲಾಸ್ ಫೈಲ್ ವರ್ಶನ್ 65' ಎಂದಿದ್ದರೆ ಅದರಿಂದ 44 ಕಳೆಯಬೇಕು. ಉಳಿಯುವ 21 ಬೇಕಾದ ಜಾವಾ ಸಂಖ್ಯೆ. 61 ಎಂದಿದ್ದರೆ 17, 52 ಎಂದಿದ್ದರೆ 8.

ಸರ್ವರ್ ವಿಷಯ ಬಂದಾಗ ಇನ್ನೊಂದು ಮಾತು. ತಮ್ಮ ಉಪ್ಪಳದಲ್ಲಿ, ಅಣ್ಣ ದುಬೈಯಲ್ಲಿ, ಇಬ್ಬರೂ ಸೇರಿ ಆಡುವುದು ಒಂದೇ ಸರ್ವರ್‌ನಲ್ಲಿ. ಆಗ ಹೊಸ ವಸ್ತು ತರುವ ಮಾಡ್‌ಗಳು ಎರಡೂ ಕಡೆ, ಸರ್ವರ್‌ನಲ್ಲೂ ಒಂದೇ ಆವೃತ್ತಿಯವು ಇರಬೇಕು. ಬೆಳಕು, ನೆರಳು ಚಂದ ಮಾಡುವ ಮಾಡ್‌ಗಳು ಮಾತ್ರ ಆಡುವವನ ಕಂಪ್ಯೂಟರ್‌ಗೆ ಸೇರಿದ್ದು. ಅವನ್ನು ಸರ್ವರ್‌ಗೆ ಹಾಕಿದರೆ ಅದು ಶುರುವಾಗದೇ ಹೋಗಬಹುದು.

ಅರ್ಧ ಅರ್ಧ ಮಾಡಿ ಹುಡುಕುವುದು

ವರದಿಯಲ್ಲಿ ಹೆಸರು ಸಿಗದಿದ್ದರೆ, ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಾಗ ಅಕೌಂಟೆಂಟ್ ಪುಸ್ತಕವನ್ನು ಭಾಗ ಮಾಡಿ ನೋಡುವ ಕ್ರಮವೇ ಇಲ್ಲೂ ಆಗುತ್ತದೆ. 64 ಮಾಡ್ ಇವೆ ಎಂದಿಟ್ಟುಕೊಳ್ಳಿ. 32ನ್ನು ಬೇರೆ ಫೋಲ್ಡರ್‌ಗೆ ಸರಿಸಿ ಗೇಮ್ ತೆರೆಯಬೇಕು. ಆಗಲೂ ಬಿದ್ದರೆ ಕಳ್ಳ ಉಳಿದ 32ರಲ್ಲಿದ್ದಾನೆ, ಬೀಳದಿದ್ದರೆ ಹೊರಗಿಟ್ಟದ್ದರಲ್ಲಿ. ಮತ್ತೆ 16, 8, 4, 2, 1. ಆರೇ ಸುತ್ತು. ಒಂದೊಂದಾಗಿ ತೆಗೆಯುತ್ತ ಹೋದರೆ 64 ಸಲ ಗೇಮ್ ತೆರೆಯಬೇಕಾದೀತು. ಒಂದು ಎಚ್ಚರಿಕೆ: ಫ್ಯಾಬ್ರಿಕ್ ಎಪಿಐಯಂಥ, ಬೇರೆ ಮಾಡ್‌ಗಳು ಆಧರಿಸಿರುವ ಲೈಬ್ರರಿ ಫೈಲ್‌ಗಳನ್ನು ಎಲ್ಲ ಸುತ್ತಿನಲ್ಲೂ ಒಳಗೇ ಇಡಬೇಕು. ಇಲ್ಲದಿದ್ದರೆ ಅವು ಇಲ್ಲದ ಕಾರಣಕ್ಕೇ ಗೇಮ್ ಬಿದ್ದು ದಾರಿ ತಪ್ಪಿಸುತ್ತದೆ.

ಎರಡು ಅರ್ಧಗಳೂ ಬೇರೆ ಬೇರೆಯಾಗಿ ಚೆನ್ನಾಗಿ ಓಡಿ, ಸೇರಿಸಿದಾಗ ಮಾತ್ರ ಬಿದ್ದರೆ? ಆಗ ಅದು ಇಬ್ಬರ ಜಗಳ. ಒಂದು ಅರ್ಧವನ್ನು ಹಾಗೇ ಬಿಟ್ಟು, ಇನ್ನೊಂದರಿಂದ ನಾಲ್ಕೈದನ್ನು ಸೇರಿಸುತ್ತ ಹೋಗಬೇಕು. ಇದಕ್ಕೆ ಸಮಯ ಹಿಡಿಯುತ್ತೆ, ಬೇರೆ ದಾರಿಯಿಲ್ಲ.

ಬೇರೆ ಗೇಮ್‌ಗಳಲ್ಲಿ

ಸ್ಕೈರಿಮ್‌ನಲ್ಲಿ ದೊಡ್ಡ ಮಾಡ್‌ಗಳು ಎಸ್‌ಕೆಎಸ್‌ಇ ಎಂಬ ಸಹಾಯಕ ಪ್ರೋಗ್ರಾಂ ಮೇಲೆ ನಿಂತಿವೆ, ಅದು ಗೇಮ್‌ನ ಆವೃತ್ತಿಗೆ ಸರಿಯಾಗಿ ಹೊಂದಬೇಕು. 2021ರ ನವೆಂಬರ್ 11ರ ಅಪ್‌ಡೇಟ್ ಬಂದಾಗ ಏನೂ ಮುಟ್ಟದವರ ಮಾಡ್‌ಗಳೂ ಕೆಲಸ ನಿಲ್ಲಿಸಿದವು. 2024ರ ಏಪ್ರಿಲ್‌ನಲ್ಲಿ ಫಾಲ್‌ಔಟ್ 4 ಆಡುವವರಿಗೂ ಇದೇ ಆಯಿತು. ಸ್ಟೀಮ್‌ನಲ್ಲಿ 'ಗೇಮ್ ತೆರೆದಾಗ ಮಾತ್ರ ಅಪ್‌ಡೇಟ್' ಎಂಬ ಆಯ್ಕೆ ಇಟ್ಟುಕೊಂಡರೆ ಸ್ವಲ್ಪ ಉಸಿರಾಡಬಹುದು. ಸ್ಟಾರ್‌ಡ್ಯೂ ವ್ಯಾಲಿಯವರು ಅದೃಷ್ಟವಂತರು. 2024ರ ಮಾರ್ಚ್‌ನ 1.6 ಆವೃತ್ತಿ ಅನೇಕ ಮಾಡ್‌ಗಳನ್ನು ಕೆಡಿಸಿತಾದರೂ, ಅಲ್ಲಿನ ಲೋಡರ್ ಸ್ಮಾಪಿ ಯಾವುದು ಹಾಳಾಗಿದೆ ಎಂದು ಕೆಂಪಕ್ಷರದಲ್ಲಿ ಹೇಳಿಬಿಡುತ್ತದೆ.

ಮೊಬೈಲ್‌ನಲ್ಲಿ ಕರಾವಳಿಯ, ಕೇರಳದ ಹುಡುಗರ ಮೆಚ್ಚಿನದು ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ. ಕೇರಳದ ಖಾಸಗಿ ಬಸ್‌ಗಳ ಬಣ್ಣದ ಸ್ಕಿನ್ ಹಾಕಿದರೆ ಗೇಮ್ ಬೀಳುವುದು ಅಪರೂಪ, ಅದು ಬರೀ ಚಿತ್ರ. ಬಸ್ಸಿನದೇ ಮಾಡ್ ಹಾಕಿದಾಗ ಕಡಿಮೆ ರ್‍ಯಾಮ್‌ನ ಫೋನ್ ಸೋಲುತ್ತದೆ. ಗೇಮ್‌ನ ಹೊಸ ಆವೃತ್ತಿಗೆ ಹಳೆಯ ಬಸ್ ಹೊಂದದೆಯೂ ಇರಬಹುದು.

ಮಾಡ್ ಬೇರೆ, 'ಮಾಡ್ ಎಪಿಕೆ' ಬೇರೆ

ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ 'ಅನ್‌ಲಿಮಿಟೆಡ್ ಮನಿ' ಎಪಿಕೆ ಗೇಮ್‌ಗೆ ಸೇರಿಸುವ ಮಾಡ್ ಅಲ್ಲ. ಅದು ಯಾರೋ ಬಿಚ್ಚಿ ತಿದ್ದಿ ಮತ್ತೆ ಕಟ್ಟಿದ ಪೂರ್ತಿ ಆ್ಯಪ್. ಒಳಗೆ ಏನು ತುಂಬಿದ್ದಾರೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಅದೇ ಫೋನ್‌ನಲ್ಲಿ ಮನೆಯವರ ಯುಪಿಐ ಇದ್ದರೆ, ಗೇಮ್ ಕ್ರ್ಯಾಶ್ ಆಗುವುದು ಅಲ್ಲಿ ಸಣ್ಣ ಚಿಂತೆ.

ಕಂಪ್ಯೂಟರ್ ಮಾಡ್‌ಗಳೂ ಪೂರ್ತಿ ನಿರಪಾಯವಲ್ಲ. ಮೈನ್‌ಕ್ರಾಫ್ಟ್ ಮಾಡ್ ಎಂಬುದು ಜಾರ್ ಫೈಲ್, ಅಂದರೆ ಕಂಪ್ಯೂಟರ್‌ನಲ್ಲಿ ಓಡುವ ಪ್ರೋಗ್ರಾಂ. 2023ರ ಜೂನ್‌ನಲ್ಲಿ ಹೆಸರಾಂತ ತಾಣಗಳಾದ ಕರ್ಸ್‌ಫೋರ್ಜ್ ಮತ್ತು ಬುಕ್ಕಿಟ್‌ನ ಕೆಲವು ಖಾತೆಗಳ ಮೂಲಕ 'ಫ್ರಾಕ್ಚರೈಸರ್' ಎಂಬ ದುಷ್ಟ ಕೋಡ್ ಮಾಡ್‌ಗಳೊಳಗೆ ಸೇರಿಕೊಂಡಿತು. ಅದು ಬ್ರೌಸರ್‌ನಲ್ಲಿ ಉಳಿಸಿದ ಲಾಗಿನ್ ವಿವರ, ಡಿಸ್ಕಾರ್ಡ್ ಮತ್ತು ಮೈನ್‌ಕ್ರಾಫ್ಟ್ ಖಾತೆಗಳನ್ನು ಕದಿಯುತ್ತಿತ್ತು, ಕಂಪ್ಯೂಟರ್‌ನಲ್ಲಿದ್ದ ಇತರ ಜಾರ್ ಫೈಲ್‌ಗಳಿಗೂ ಹರಡುತ್ತಿತ್ತು. ಅಂಗಡಿಯ ಜಿಎಸ್‌ಟಿ, ಬ್ಯಾಂಕ್ ಲಾಗಿನ್ ಇರುವ ಕಂಪ್ಯೂಟರ್‌ನಲ್ಲೇ ಮಕ್ಕಳೂ ಆಡುವ ಮನೆಗಳು ಇದನ್ನು ಗಮನಿಸಬೇಕು. ಮಕ್ಕಳಿಗೆ ಪ್ರತ್ಯೇಕ ವಿಂಡೋಸ್ ಯೂಸರ್ ಮಾಡಿಕೊಡುವುದು ಐದು ನಿಮಿಷದ ಕೆಲಸ. ಪೂರ್ಣ ರಕ್ಷಣೆ ಅಲ್ಲದಿದ್ದರೂ, ಒಂದೇ ಬ್ರೌಸರ್‌ನಲ್ಲಿ ಎಲ್ಲ ಪಾಸ್‌ವರ್ಡ್ ಇಡುವುದಕ್ಕಿಂತ ವಾಸಿ. ಮಾಡ್ ಹಾಕಲು ಆ್ಯಂಟಿವೈರಸ್ ಆಫ್ ಮಾಡಿ ಎಂದು ಯಾವುದೇ ವೀಡಿಯೊ ಹೇಳಿದರೆ ಅಲ್ಲಿಗೇ ಬಿಡುವುದು.

ಕಾರಣ ಸಿಕ್ಕಿದ ಮೇಲೆ ಮಾಡ್ ಬರೆದವರಿಗೆ ತಿಳಿಸಿದರೆ ಹಲವರು ಸರಿಪಡಿಸಿಕೊಡುತ್ತಾರೆ. ಬರೀ 'ಓಡ್ತಿಲ್ಲ' ಎಂದರೆ ಅವರಿಗೂ ಗೊತ್ತಾಗುವುದಿಲ್ಲ. ಗೇಮ್, ಲೋಡರ್, ಮಾಡ್ ಮೂರರ ಆವೃತ್ತಿ, ಕ್ರ್ಯಾಶ್ ವರದಿ ಮತ್ತು ಲಾಗ್ಸ್ ಫೋಲ್ಡರ್‌ನ 'ಲೇಟೆಸ್ಟ್' ಫೈಲ್ ಇಷ್ಟನ್ನು ಕೊಡಬೇಕು. ಲಾಗ್‌ನೊಳಗೆ ಫೋಲ್ಡರ್‌ಗಳ ವಿಳಾಸದ ಜೊತೆ ವಿಂಡೋಸ್ ಯೂಸರ್ ಹೆಸರೂ ಬಂದಿರುತ್ತದೆ. ಅದು ಮನೆಯವರ ಪೂರ್ಣ ಹೆಸರಾಗಿದ್ದರೆ ನೋಟ್‌ಪ್ಯಾಡ್‌ನಲ್ಲೇ ಬದಲಿಸಿ ಕಳಿಸಬಹುದು.