ಜಡೆಯೊಳಗಿನ ಎರಡು ವರ್ಷ



ಎರಡು ಭಾಷೆಗಳ ನಡುವೆ ಬದುಕುವ ನಮಗೆ ಒಂದೇ ಮಾತು ಎರಡು ರೀತಿ ಕೇಳಿಸುವುದುಂಟು. ತಾಳವಾಡಿಯ ತಮಿಳಿನಲ್ಲಿ, ಕಾಸರಗೋಡಿನ ಮಲಯಾಳದಲ್ಲಿ 'ಮುಡಿ' ಎಂದರೆ ಕೂದಲು. ಕನ್ನಡದಲ್ಲಿ ಅದು ತುರುಬು. ಹರಕೆ ಹೊತ್ತು ದೇವರಿಗೆ ಕೊಡುವ ಕೂದಲೂ ಹೌದು. ಕೊಟ್ಟ ಮೇಲೆ ಅದರ ಕಡೆ ನಾವು ತಿರುಗಿ ನೋಡುವುದಿಲ್ಲ. ಆದರೆ ನಾವು ತಿಂದದ್ದು, ಕುಡಿದದ್ದರ ಲೆಕ್ಕ ಆ ಕೂದಲಿನಲ್ಲಿ ಉಳಿದಿರುತ್ತದೆ. ಅಂಥ ಒಂದು ಜಡೆಯ ಕತೆಯನ್ನು ಇವತ್ತು ಕೇಳಿ.

ಇದೂ ಗಡಿನಾಡಿನ ಕತೆಯೇ. ದಕ್ಷಿಣ ಅಮೆರಿಕದಲ್ಲಿ ಅರ್ಜೆಂಟೀನಾ ಮತ್ತು ಚಿಲಿ ದೇಶಗಳ ಗಡಿಯ ಮೇಲೆ ಯುಯೈಯಾಕೊ ಎಂಬ ಪರ್ವತವಿದೆ. ಎತ್ತರ 6,739 ಮೀಟರ್. 1999ರ ಮಾರ್ಚ್‌ನಲ್ಲಿ ಯೋಹಾನ್ ರೈನ್‌ಹಾರ್ಡ್ ಮತ್ತು ಕಾನ್ಸ್ಟಾನ್ಸಾ ಸೆರುಟಿ ಅವರ ತಂಡಕ್ಕೆ ಅದರ ನೆತ್ತಿಯ ಹತ್ತಿರ ಮೂರು ಮಕ್ಕಳ ದೇಹಗಳು ಸಿಕ್ಕವು. ಸುಮಾರು 500 ವರ್ಷಗಳ ಹಿಂದೆ, ಇಂಕಾ ಅರಸರ ಕಾಲದಲ್ಲಿ, ಬಲಿ ಕೊಟ್ಟ ಮಕ್ಕಳು. ಚಳಿಯಿಂದಾಗಿ ದೇಹ ಕೆಟ್ಟಿರಲಿಲ್ಲ. ಅವರಲ್ಲಿ ಹಿರಿಯಳಿಗೆ 13ರ ಆಸುಪಾಸು ವಯಸ್ಸು. ಕಾಲು ಮಡಿಸಿ, ತಲೆ ಬಾಗಿಸಿ, ಕೂತಲ್ಲೇ ನಿದ್ದೆಹೋದಂತೆ ಇದ್ದಳು. ಮೈಮೇಲೆ ಹೊಡೆತದ ಗುರುತಿಲ್ಲ. ಬಾಯಲ್ಲಿ ಕೋಕಾ ಎಲೆಯ ಉಂಡೆ. ತಲೆತುಂಬ ಸಣ್ಣ ಸಣ್ಣ ಜಡೆಗಳು.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ನಾವು ಸೇವಿಸಿದ್ದರ ಅಂಶ ರಕ್ತದ ಮೂಲಕ ಕೂದಲಿನ ಬೇರಿಗೆ ಬಂದು, ಬೆಳೆಯುವ ಎಳೆಯೊಳಗೆ ಸೇರಿಕೊಳ್ಳುತ್ತದೆ. ಬುಡದಲ್ಲಿ ಇತ್ತೀಚಿನ ಸುದ್ದಿ, ತುದಿಯಲ್ಲಿ ಹಳೆಯದು. ಮೂತ್ರ ಪರೀಕ್ಷೆಯಿಂದ ಬಹುಪಾಲು ಕೆಲವೇ ದಿನಗಳ ಸುದ್ದಿ ತಿಳಿದರೆ, ಕೂದಲಿನಿಂದ ತಿಂಗಳುಗಳ ಸುದ್ದಿ ತಿಳಿಯುತ್ತದೆ. ಹೂತ ಹೆಣದ ಕೂದಲಿನಲ್ಲಿ ಪಾಷಾಣ ಹುಡುಕುವುದನ್ನು 19ನೇ ಶತಮಾನದಲ್ಲೇ ಬಲ್ಲವರಿದ್ದರು. ಮಾದಕ ವಸ್ತುವಿಗೂ ಇದೇ ದಾರಿಯೆಂದು 1979ರಲ್ಲಿ ಅಮೆರಿಕದ ಬಾಮ್‌ಗಾರ್ಟ್‌ನರ್ ಮತ್ತು ಸಂಗಡಿಗರು ತೋರಿಸಿದರು. ಹೆರಾಯಿನ್ ಚಟದವರ ಕೂದಲಿನಲ್ಲಿ ಅವರಿಗೆ ಮಾರ್ಫಿನ್ ಸಿಕ್ಕಿತು.

ಯುಯೈಯಾಕೊ ಹುಡುಗಿಯ ಕೂದಲನ್ನು ಓದಿದವರು ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದ ಆಂಡ್ರ್ಯೂ ವಿಲ್ಸನ್ ಮತ್ತು ಸಂಗಡಿಗರು. ಜಡೆಯ ಉದ್ದದಲ್ಲಿ ಅವಳ ಕೊನೆಯ ಎರಡು ವರ್ಷಗಳಿದ್ದವು. ಸಾಯುವ ಒಂದು ವರ್ಷದ ಮುಂಚೆ ಬಡವರ ಊಟ ಹೋಗಿ ಮೆಕ್ಕೆಜೋಳ, ಮಾಂಸದ ಊಟ ಬಂದಿತ್ತು. ಇದು 2007ರಲ್ಲಿ ತಿಳಿಯಿತು. ಉಳಿದದ್ದು 2013ರಲ್ಲಿ ಪ್ರಕಟವಾಯಿತು. ಊಟ ಬದಲಾದ ಕಾಲಕ್ಕೇ ಕೋಕಾದ ಅಂಶವೂ ಏರಿ, ಸಾವಿಗೆ ಆರು ತಿಂಗಳಿರುವಾಗ ಅತಿ ಹೆಚ್ಚಾಗಿತ್ತು. ಕೋಕಾ ಮತ್ತು ಮದ್ಯ ಮೈಯೊಳಗೆ ಕೂಡಿದಾಗ ಮಾತ್ರ ಹುಟ್ಟುವ ಕೋಕಾಎಥಿಲೀನ್ ಎಂಬ ವಸ್ತುವೂ ಸಿಕ್ಕಿತು. ಕೊನೆಯ ಆರೆಂಟು ವಾರಗಳಲ್ಲಂತೂ ಮದ್ಯದ ಪ್ರಮಾಣ ಬಹಳವಾಗಿತ್ತು. ಚಿಕ್ಕ ಮಕ್ಕಳಿಬ್ಬರ ಕೂದಲಿನಲ್ಲಿ ಇಷ್ಟೊಂದು ಇರಲಿಲ್ಲ. ತನಗೇನು ಕಾದಿದೆ ಎಂಬುದು ಹಿರಿಯಳಿಗೆ ತಿಳಿದಿತ್ತೇ? ಅದನ್ನು ಮರೆಸಲು ಕುಡಿಸಿದರೇ? ಇದಕ್ಕೆ ಕೂದಲಿನಲ್ಲಿ ಉತ್ತರವಿಲ್ಲ.

ಬದುಕಿರುವವರ ವಿಷಯದಲ್ಲೂ ಹೀಗೆ ಎಚ್ಚರ ಬೇಕು. ಕೂದಲಿನಲ್ಲಿ ಕೊಕೇನ್ ಕಂಡಿತೆಂದು ಅಮೆರಿಕದ ಬೋಸ್ಟನ್ ನಗರದಲ್ಲಿ ಕೆಲಸ ಕಳೆದುಕೊಂಡ ಹತ್ತು ಪೊಲೀಸರು ದೂರು ಕೊಟ್ಟಿದ್ದರು. ಅದೇ 2013ರಲ್ಲಿ ಅವರ ಪೈಕಿ ಆರು ಮಂದಿಯನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಅಲ್ಲಿನ ರಾಜ್ಯ ಆಯೋಗ ಹೇಳಿತು. ಹೊರಗಿನ ಪುಡಿಯೂ ಕೂದಲಿಗೆ ಅಂಟಬಹುದು. ಕಪ್ಪು ಕೂದಲು ಕೆಲವು ವಸ್ತುಗಳನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಕೂದಲನ್ನು ಮೊದಲು ತೊಳೆದು, ಒಮ್ಮೆ ಕಂಡದ್ದನ್ನು ಬೇರೊಂದು ವಿಧಾನದಿಂದ ಮತ್ತೆ ನೋಡಬೇಕಾಗುತ್ತದೆ.

ನಮ್ಮ ಊರುಗಳಲ್ಲಿ ಕುಡಿದು ಬಿದ್ದವನನ್ನು ಬೈಯಲು ಎಲ್ಲರೂ ಮುಂದೆ ಬರುತ್ತೇವೆ. ಮೊದಲ ಲೋಟ ಕೊಟ್ಟವರು ಯಾರೆಂದು ಕೇಳುವವರು ಕಡಿಮೆ. ಆ ಹುಡುಗಿಯ ದೇಹವನ್ನು ಅರ್ಜೆಂಟೀನಾದ ಸಾಲ್ಟಾ ನಗರದ ವಸ್ತುಸಂಗ್ರಹಾಲಯದಲ್ಲಿ ತಣ್ಣಗೆ ಕಾಪಾಡಿದ್ದಾರೆ. ಇವತ್ತು ದೀಪ ಆರಿಸುವ ಮುಂಚೆ ಒಮ್ಮೆ ಅವಳನ್ನು ನೆನೆಯಿರಿ.